ಹತ್ತಿ ಕೋಣೆಯ ಕಿಂಡಿ

“ಈ ಕಂಬ ಸಾಗವಾನಿ ಕಟ್ಟಿಗೀವು ನೋಡ್ರಿ. ಅಳ್ನಾವರದ ಅಡವಿಯಿಂದ ಚಕ್ಕಡಿ ಮ್ಯಾಲೆ ಬಂದಾವು. ಆಗ ಲಾರಿ ಇರಲಿಲ್ಲ, ಟ್ರ್ಯಾಕ್ಟರ್ ಇರಲಿಲ್ಲ, ಏನೂ ಇರಲಿಲ್ಲ...”

“ಲೇ ಅಮೃತಾ, ಸ್ವಲ್ಪ ಉಸರ ತಗೋ,” ಗಂಗಾ ಪಿಸುಗುಟ್ಟಿದಳು. “ನಿನ್ನ ಸ್ಪೀಡಿಗೆ ಕಂಬಾನೂ ಓಡಿ ಹೋಗ್ತಾವು.”

ತಿರ್ಲಾಪುರದ ಈ ಹಳೆಯ ದೊಡ್ಡ ವಾಡೆ ಅಮೃತಾಳ ಮನೆ. ಹತ್ತಿ ಬೆಳೆದು ಶ್ರೀಮಂತರಾದ ಅವಳ ಹಿರಿಯರು ಕಟ್ಟಿಸಿದ್ದು. ಮಣ್ಣಿಗೆ ಹೊಟ್ಟು ಕಲಸಿ ಎಬ್ಬಿಸಿದ ಗೋಡೆಗಳು ಎಷ್ಟು ದಪ್ಪವೆಂದರೆ, ಕಿಟಕಿಯಲ್ಲಿ ಒಬ್ಬ ಹುಡುಗಿ ಕಾಲು ಮಡಚಿ ಮಲಗಬಹುದು. ಇವತ್ತು ಊರವರಿಗೆ ವಾಡೆ ತೋರಿಸಲು ಐದನೆಯ ಕ್ಲಾಸಿನವರೇ ಗೈಡ್‌ಗಳು. ಗಂಗಾಳಿಗೆ ಸಿಕ್ಕಿದ್ದು ಹತ್ತಿ ಕೋಣೆ.

ಭಾಷಣ ಬಾಯಿಪಾಠವಾಗಿತ್ತು. ಆದರೆ ಅದನ್ನು ಕೇಳಲೆಂದೇ ಇಳಕಲ್ ಸೀರೆ ಉಟ್ಟು ಬಂದ ಅವಳ ಅಜ್ಜಿ ರಾಮವ್ವ, ಹೊರಗಿನ ಕಟ್ಟೆ ಬಿಟ್ಟು ಏಳುತ್ತಲೇ ಇರಲಿಲ್ಲ.

“ಒಳಗ ಬಾ ಬೇ ಆಯಿ. ಇನ್ನ ನಂದ ಪಾಳಿ.”

“ಮಣಕಾಲ ನೋಯ್ತಾವು. ನೀ ಜೋರ ಹೇಳು, ಇಲ್ಲೇ ಕೇಳಸ್ತೈತಿ.”

“ಮುಂಜಾನೆ ಆಡಿನ ಬೆನ್ನ ಹತ್ತಿ ಓಡಿದ್ಯಲ್ಲ, ಆಗ ನೋಯಲಿಲ್ಲೇನು?”

“ಆಗ ಓಡಿದ್ದಕ್ಕ ಈಗ ನೋಯ್ತಾವು.”

ಗಂಗಾ ಮುಖ ಊದಿಸಿಕೊಂಡು ಹತ್ತಿ ಕೋಣೆಗೆ ಬಂದಳು. ಆಯಿ ಕೇಳದಿದ್ದರೆ ಇಷ್ಟೆಲ್ಲ ಕಲಿತದ್ದು ಯಾರಿಗಾಗಿ? ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ ಇತ್ತು. ಹಿಂದೆ ಹೊಲದಿಂದ ಬಂದ ಆಳುಗಳು ಹೊರಗೇ ನಿಂತು ಅದರಲ್ಲಿ ಹತ್ತಿ ಸುರಿಯುತ್ತಿದ್ದರು. ಗಂಗಾ ಅದಕ್ಕೆ ಬಾಯಿಟ್ಟು ಕೂಗಿದಳು.

“ಆಯೀ, ಈ ಕಡೆ ಬಾ. ಇಲ್ಲಿಂದ ಚೊಲೋ ಕೇಳಸ್ತೈತಿ.”

ಅಜ್ಜಿ ಗೋಡೆಯ ಬಾಜು ಬಂದಳು. ಕಿಂಡಿಯ ಆಚೆ ಅವಳ ಮುಖ ಸಣ್ಣದಾಗಿ ಕಂಡಿತು. ಅಜ್ಜಿ ಕಿಂಡಿಯ ಅಂಚನ್ನು ಮೆಲ್ಲಗೆ ಸವರಿದಳು.

“ಎಷ್ಟ ವರ್ಷ ಇದರಾಗ ಹತ್ತಿ ಸುರುವೀನಿ. ಗಂಗಾ, ಅದು ಒಳಗ ಎಲ್ಲಿ ಬೀಳ್ತಿತ್ತು?”

ಗಂಗಾಳಿಗೆ ತಟ್ಟನೆ ಹೊಳೆಯಿತು. ಇಷ್ಟು ವರ್ಷ ದುಡಿದ ಆಯಿ ಈ ಮನೆಯ ಒಳಗೆ ಒಮ್ಮೆಯೂ ಬಂದಿಲ್ಲ. ನೋಯುತ್ತಿದ್ದದ್ದು ಮಣಕಾಲಲ್ಲ.

ಅವಳು ಓಡಿ ಹೊರಗೆ ಹೋಗಿ ಅಜ್ಜಿಯ ಕೈ ಹಿಡಿದಳು. “ಬಾ, ತೋರಸ್ತೀನಿ.”

ಹೊಸ್ತಿಲ ಮುಂದೆ ಅಜ್ಜಿ ನಿಂತುಬಿಟ್ಟಳು. ಒಳಗೆ ಅಮೃತಾಳ ಅಜ್ಜಿ ಅನ್ನವ್ವ ಇದ್ದಳು. ಅವಳು ಬಾಗಿಲ ತನಕ ಬಂದಳು.

“ತಲಿ ಬಗ್ಗಿಸಿ ಬಾ ರಾಮವ್ವ,” ಎಂದಳು ಅನ್ನವ್ವ. “ಬಾಗಲಾ ಗಿಡ್ಡ ಐತಿ. ನಾನ ಇನ್ನೂ ಬಡಸ್ಕೋತೀನಿ.”

ಹತ್ತಿ ಕೋಣೆಯಲ್ಲಿ ಅಜ್ಜಿ ಕಿಂಡಿಯ ಕೆಳಗಿನ ನೆಲ ನೋಡಿದಳು. ಆಮೇಲೆ ಬಗ್ಗಿ ಹೊರಗೆ ಇಣುಕಿದಳು.

“ಇಲ್ಲಿಂದ ನಾವು ಕಾಣ್ತಿದ್ವೇನ್ರೀ ಅವ್ವಾರ?”

“ಬರೇ ಕೈ ಕಾಣ್ತಿದ್ವು. ಒಂದ ಜೋಡಿ ಕೈಗೆ ಹಸರ ಬಳಿ, ಕೈತುಂಬ. ಯಾರವೋ ಅಂತ ನೋಡ್ತಿದ್ದೆ.”

“ಅವು ನನ್ನವೇ ರೀ,” ಅಜ್ಜಿ ನಕ್ಕುಬಿಟ್ಟಳು. ಅನ್ನವ್ವನೂ ನಕ್ಕಳು.

ಕೋಣೆ ತುಂಬ ಜನ ಗಂಗಾಳ ಭಾಷಣಕ್ಕೆ ಕಾಯುತ್ತಿದ್ದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಅಜ್ಜಿಗೆ ಜಾಗ ಬಿಟ್ಟಳು.

“ಮೊದಲ ನಮ್ಮ ಆಯಿ ಹೊರಗಿಂದು ಹೇಳ್ತಾಳ್ರಿ,” ಎಂದಳು. “ಆಮ್ಯಾಲೆ ಒಳಗಿಂದು ನಾ ಹೇಳ್ತೀನಿ.”