ಹೊಸ ಕಾರ್ಡಿನ ಉಸಿರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗೇಮ್ ತಡವರಿಸುತ್ತದೆಂದು ಕಂಪ್ಯೂಟರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಅದೂ ಅಪ್ಪನ ಉಸಿರಾಟದ ಯಂತ್ರವೂ ಒಟ್ಟಿಗೆ ಓಡಿದರೆ ಮನೆಯ ಫ್ಯೂಸ್ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅಮ್ಮ ಹೊರಗೆ ಹೋಗಿದ್ದಾಗ, ಒಂದೇ ಒಂದು ಆಟವೆಂದು ಯಂತ್ರದ ಪ್ಲಗ್ ಕಿತ್ತೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡೆ. ಗೆದ್ದು ಎದ್ದಾಗ ಅವರು ತೀರಿಕೊಂಡಿದ್ದರು. ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ, ಯಾರಿಗೂ ಹೇಳಲಿಲ್ಲ.

ಮರುವಾರದಿಂದ ಕಾರ್ಡಿನ ಫ್ಯಾನು ಎಳೆದೆಳೆದು ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಅಪ್ಪನ ಉಸಿರಿನ ಹಾಗೆಯೇ. ಕಾರ್ಡನ್ನು ಬಿಚ್ಚಿ ಡಬ್ಬಿಗೆ ಹಾಕಿಟ್ಟೆ. ಯಾವ ವೈರೂ ಇಲ್ಲದ ಡಬ್ಬಿಯೊಳಗೂ ಅದೇ ಸದ್ದು. ಮುಟ್ಟಿದರೆ ಮೈಯಷ್ಟೇ ಬಿಸಿ.

ನಿನ್ನೆ ಅಮ್ಮ ಆ ಡಬ್ಬಿಯನ್ನು ಅಪ್ಪನ ಮಂಚದ ಮೇಲಿಟ್ಟು ಕಂಬಳಿ ಹೊದಿಸುತ್ತಿದ್ದಳು. ನನ್ನತ್ತ ತಿರುಗಿಯೂ ನೋಡದೆ ಮೆಲ್ಲಗೆ ಹೇಳಿದಳು, “ಈ ಸಲ ಪ್ಲಗ್ ಕೀಳ್ಬೇಡ ಕಂದ.”