ಸೋಮಾರಿಯ ಜಾಡಿ

ನಲ್ಲಿಯ ಕೆಳಗೆ ಗಾಜಿನ ಜಾಡಿ ಹಿಡಿದು ಮಿಣುಕಿ ಇನ್ನೇನು ನೀರು ಬಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಅಮ್ಮನ ಕೈ ಬಂದು ಅವಳ ಕೈಯನ್ನು ತಡೆಯಿತು.

“ಸೋಮಾರಿ ಎಲ್ಲೇ?”

“ಬೌಲ್‌ನಲ್ಲಿ! ವಾಫಲ್ ಮಾಡ್ತಿದೀನಿ ಅಮ್ಮ. ಸರ್‌ಪ್ರೈಸ್!”

“ಎರಡು ಚಮಚ ತೆಗೆದಿಟ್ಟೆ ತಾನೆ?”

ಮಿಣುಕಿ ನಲ್ಲಿಯಿಂದ ಕೈ ತೆಗೆದಳು.

ಸೋಮಾರಿ ಅಂದರೆ ಅಪ್ಪನ ಹುಳಿಹಿಟ್ಟು. ಹಿಟ್ಟು, ನೀರು ಕಲಸಿ, ದಿನಗಟ್ಟಲೆ ಕಾದು ಅಪ್ಪ ಅದನ್ನು ಹುಟ್ಟಿಸಿದ್ದ. ಉಬ್ಬಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆಂದು ಅವನೇ ಇಟ್ಟ ಹೆಸರು. ಬಳಸುವ ಮುಂಚೆ ಎರಡು ಚಮಚ ಉಳಿಸಿ ಅದಕ್ಕೆ ಹೊಸ ಹಿಟ್ಟು ಉಣಿಸಿದರೆ ಮತ್ತೆ ಜಾಡಿ ತುಂಬುತ್ತಿತ್ತು. ಅಪ್ಪ ತೀರಿಹೋಗಿ ಒಂದು ವರ್ಷ. ಅಮ್ಮ ದಿನವೂ ಬೆಳಿಗ್ಗೆ ಸೋಮಾರಿಗೆ ಉಣಿಸುತ್ತಿದ್ದಳು, ಆದರೆ ಅಪ್ಪ ಅದರಿಂದ ಮಾಡುತ್ತಿದ್ದ ವಾಫಲ್ ಮಾತ್ರ ಮಾಡಿರಲಿಲ್ಲ.

ಮಿಣುಕಿ ಬೌಲ್ ಕಡೆ ನೋಡಿದಳು. ಸೋಮಾರಿಯ ಜೊತೆ ಮೊಟ್ಟೆ, ಬೆಣ್ಣೆ, ಸಕ್ಕರೆ, ಎಲ್ಲವೂ ಬೆರೆತುಹೋಗಿದ್ದವು.

“ಅಕ್ಕ ಸೋಮಾರೀನ ಖಾಲಿ ಮಾಡಿದ್ಳು!” ಎಂದ ತಮ್ಮ, ಕೈಯಲ್ಲಿ ಆಗಲೇ ತಟ್ಟೆ ಹಿಡಿದು.

“ನೀನು ಬಾಯಿ ಮುಚ್ಚೋ, ಡುಮ್ಮ!” ಎನ್ನುವಷ್ಟರಲ್ಲಿ ಅವಳಿಗೆ ಅಳುವೇ ಬಂತು. “ನೀನು ತಿಂತೀಯಾ ಅಂತ ಮಾಡಿದೆ ಅಮ್ಮ. ನೀನು ಏನೂ ಸರಿಯಾಗಿ ತಿನ್ನೋದೇ ಇಲ್ಲ.”

ಅಮ್ಮ ಬೈಯಲಿಲ್ಲ. ಜಾಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಗಾಜಿನ ಒಳಗೋಡೆಗೆ ತೆಳ್ಳಗೆ, ಮಂಜು ಕವಿದ ಹಾಗೆ, ಒಂದಿಷ್ಟು ಹಿಟ್ಟು ಅಂಟಿತ್ತು.

“ಚಮಚ ಕೊಡು.”

ಇಬ್ಬರೂ ಸೇರಿ ಕೆರೆದರು. ಬೆರಳ ಉಗುರಿನಷ್ಟು ಸಿಕ್ಕಿತು. ಅಮ್ಮ ಅದಕ್ಕೆ ಒಂದು ಚಮಚ ಹಿಟ್ಟು, ಒಂದು ಚಮಚ ಬೆಚ್ಚನೆ ನೀರು ಬೆರೆಸಿದಳು. ಹಿಟ್ಟು ಎಲ್ಲಿಯವರೆಗಿದೆ ಎಂದು ಗುರುತಿಗೆ ಮಿಣುಕಿ ಜಾಡಿಗೆ ರಬ್ಬರ್ ಬ್ಯಾಂಡ್ ಹಾಕಿದಳು.

“ಬದುಕ್ತಾನಾ ಅಮ್ಮ?”

“ಗೊತ್ತಿಲ್ಲ ಕಂದ.”

ಆಮೇಲೆ ಚೌಕ ಚೌಕ ಗುಳಿಗಳಿದ್ದ ವಾಫಲ್ ಮೆಷಿನ್ ಬಿಸಿಯಾಯಿತು. ಹಿಟ್ಟು ಸುರಿದಾಗ ಚುಂಯ್ ಎಂದಿತು. ಹುಳಿಯೂ ಸಿಹಿಯೂ ಬೆರೆತ ಆ ಹಳೆಯ ವಾಸನೆ ನಿಧಾನವಾಗಿ ಅಡುಗೆಮನೆ ತುಂಬಿತು. ಹಬೆಯಲ್ಲಿ ಕಿಟಕಿ, ಕುರ್ಚಿ, ಅಪ್ಪನ ಖಾಲಿ ಜಾಗ, ಎಲ್ಲವೂ ಸ್ವಲ್ಪ ತೇಲಿದ ಹಾಗಿತ್ತು. ಡುಮ್ಮ ಮೂರು ತಿಂದ. ಅಮ್ಮ ಅರ್ಧ ತಿಂದಳು. ಆಮೇಲೆ ಉಳಿದರ್ಧವನ್ನೂ ತಿಂದಳು.

ಮರುದಿನ, ಸೋಮವಾರ, ಜಾಡಿಯಲ್ಲಿ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಅಮ್ಮ ಎರಡೂ ದಿನ ತುಸುತುಸುವೇ ಉಣಿಸಿ, ರಬ್ಬರ್ ಬ್ಯಾಂಡನ್ನು ಹಿಟ್ಟಿನ ಹೊಸ ಮಟ್ಟಕ್ಕೆ ಸರಿಸಿದಳು. ಮಿಣುಕಿ ಸ್ಕೂಲಿನಲ್ಲಿ ಲೆಕ್ಕದ ಪುಸ್ತಕದ ಅಂಚಿನಲ್ಲೆಲ್ಲ ಗುಳ್ಳೆಗಳನ್ನು ಬರೆದಳು.

ಬುಧವಾರ ಬೆಳಿಗ್ಗೆ ಎದ್ದು ಬಂದಾಗ ಅಮ್ಮ ಅಡುಗೆಮನೆಯ ಕಟ್ಟೆಗೆ ಬಾಗಿ ನಿಂತಿದ್ದಳು. ಕಣ್ಣು ಮುಚ್ಚಿತ್ತು. ಕಿವಿ ಜಾಡಿಗೆ ಅಂಟಿಕೊಂಡಿತ್ತು. ಹಿಟ್ಟು ರಬ್ಬರ್ ಬ್ಯಾಂಡಿಗಿಂತ ಒಂದು ಬೆರಳು ಮೇಲೆ ಬಂದಿತ್ತು.

“ಅಮ್ಮಾ!”

“ಶ್! ಮೆಲ್ಲಗೆ. ಈಗಷ್ಟೇ ಮಗ್ಗುಲು ಬದಲಾಯಿಸಿದಾನೆ.”

ಅದು ಅಪ್ಪನ ಮಾತು. ಅಪ್ಪ ಹೇಳುತ್ತಿದ್ದ ಹಾಗೇ, ಅದೇ ಪಿಸುದನಿ.

ಮಿಣುಕಿ ತುದಿಗಾಲಲ್ಲಿ ನಡೆದು ಹೋಗಿ, ಸದ್ದಾಗದಂತೆ ಚಮಚ ತೆಗೆದು, ಮುಂದಿನ ಸಲ ಎರಡು ಚಮಚ ಎತ್ತಿಡಲೆಂದು ಅದನ್ನೂ ಒಂದು ಪುಟ್ಟ ಬಟ್ಟಲನ್ನೂ ಅಮ್ಮನ ಪಕ್ಕದಲ್ಲಿಟ್ಟಳು.