ಕೀಲಿ ಹಾಕಿದ ಪರದೆ

ಜುಲೈ ನಮ್ಮಲ್ಲಿ ನಡುಚಳಿಗಾಲ; ಪೆಲೊಟಾಸ್ ಊರಿನ ನಮ್ಮ ಮನೆ ಆಗ ಒದ್ದೆ ಗೋಣಿಚೀಲದ ಹಾಗೆ ತಣ್ಣಗಿರುತ್ತದೆ. ಅದಕ್ಕೇ ಕಂಪ್ಯೂಟರಿನ ಮೌಸ್ ಬೆಚ್ಚಗಿದ್ದದ್ದು ನನಗೆ ಸರಿಕಾಣಲಿಲ್ಲ. ಯಾರೋ ಆಗಷ್ಟೇ ಕೈ ತೆಗೆದ ಹಾಗಿತ್ತು.

ಆ ಕಂಪ್ಯೂಟರಿನಲ್ಲಿದ್ದದ್ದು ನಾನು ತಯಾರಿಸಿದ ಗಣಿತದ ಪ್ರಶ್ನೆಪತ್ರಿಕೆ. ಮಗಳು ರಾಯಿಸಾ ಅದೇ ಪರೀಕ್ಷೆ ಬರೆಯುವವಳು. ಪತ್ರಿಕೆ ಹೊರಬಿದ್ದರೆ ನನ್ನ ಟೀಚರ್ ಕೆಲಸ ಹೋದ ಹಾಗೆಯೇ. ಅದಕ್ಕಾಗಿ ಲಿನಕ್ಸ್‌ನಲ್ಲಿ ಸ್ಕ್ರೀನ್ ಸೇವರ್ ಹೊಂದಿಸಿದ್ದೆ: ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗಬೇಕು, ಪಾಸ್‌ವರ್ಡ್ ಕೊಡದೆ ತೆರೆಯಬಾರದು. ಆದರೂ ಬಟ್ಟೆ ಹರವಿ ಬಂದು ನೋಡಿದರೆ ಪರದೆ ಬೆಳಗುತ್ತಲೇ ಇತ್ತು.

“ನೀನೇ ತಾನೇ ಇಲ್ಲಿ ಕೂತಿದ್ದು?”

“ಅಯ್ಯೋ ಅಮ್ಮಾ, ನನ್ನನ್ನೇ ಕಳ್ಳಿ ಮಾಡ್ತೀಯಾ? ಗಣಿತ ಕಂಡ್ರೆ ಓಡೋಳು ನಾನು, ಹುಡುಕ್ಕೊಂಡು ಹೋಗಿ ಓದ್ತೀನಾ!”

ನಾನು ನಂಬಲಿಲ್ಲ. ಅವಳಿಗೆ ಕಾಣದಂತೆ ಪಾಸ್‌ವರ್ಡ್ ಬದಲಿಸಿದೆ. ಪತ್ರಿಕೆಯ ಮೊದಲ ಪುಟ ತೆರೆದಿಟ್ಟು, ಪರದೆ ಕಪ್ಪಾಗುವವರೆಗೂ ಕಾದೆ. ಆಮೇಲೆ ಮೌಸ್, ಕೀಬೋರ್ಡ್ ಎರಡನ್ನೂ ಕಿತ್ತುಕೊಂಡು, ಮಗಳನ್ನೂ ಎಳೆದುಕೊಂಡು ಅಡುಗೆಮನೆಗೆ ಬಂದೆ. ಮನೆಯಲ್ಲಿ ನಾವಿಬ್ಬರೇ. ಚಹಾದಂತೆ ಕುಡಿಯುವ ಎರ್ವಾ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಹುಯ್ದು ಅವಳ ಮುಂದೆ ಚಾಚಿದೆ. ಮುನಿಸಿಗೆ ಅವಳು ಬಾಯಿಗಿಡಲಿಲ್ಲ.

ಆಗ ಕೋಣೆಯಿಂದ ಕೀಬೋರ್ಡಿನ ಕೀಲಿ ಒತ್ತುವಂಥ ಸದ್ದು ಬಂತು. ಟಕ್, ಟಕ್. ನಡುವೆ ನಿಂತು, ನೆನಪು ಮಾಡಿಕೊಂಡಂತೆ, ಮತ್ತೆ ಟಕ್.

ರಾಯಿಸಾ ನನ್ನ ತೋಳು ಬಿಗಿಹಿಡಿದಳು. “ಈಗ ಹೇಳಮ್ಮಾ, ನಾನಾ?” ದನಿಯಲ್ಲಿ ಗೆಲುವಿರಲಿಲ್ಲ.

ಇಬ್ಬರೂ ಹೋಗಿ ನೋಡಿದೆವು. ಪರದೆ ತೆರೆದಿತ್ತು. ಪತ್ರಿಕೆ ಕೊನೆಯ ಪುಟಕ್ಕೆ ಬಂದು ನಿಂತಿತ್ತು. ಕೀಬೋರ್ಡ್ ನನ್ನ ಕಂಕುಳಲ್ಲೇ ಇತ್ತು.